ಒಂದೇ ಫೋಟೋ, ಹತ್ತು ಪ್ರತಿ: ಅಳಿಸುವ ಮುನ್ನ ಅರೆಗಳಿಗೆ

ಮನೆಯಲ್ಲೊಂದು ಉಪನಯನ ಮುಗಿಯಿತೆನ್ನಿ. ಚಪ್ಪರ ಬಿಚ್ಚುವ ಮೊದಲೇ ಫೋಟೋಗಳು ಲೋಕಸಂಚಾರ ಮುಗಿಸಿ ಬಂದಿರುತ್ತವೆ. ಅಣ್ಣನ ಮಗ ತೆಗೆದ ಚಿತ್ರ ವಾಟ್ಸ್‌ಆ್ಯಪಿನಲ್ಲಿ ಬೆಂಗಳೂರಿನ ಚಿಕ್ಕಪ್ಪನಿಗೆ ಹೋಗುತ್ತದೆ. ಚಿಕ್ಕಪ್ಪ ಅದನ್ನು ಕುಟುಂಬದ ಗುಂಪಿಗೆ ಹಾಕುತ್ತಾರೆ. ಅಲ್ಲಿಂದ ಅತ್ತೆಯ ಮೊಬೈಲಿಗೆ, ಅತ್ತೆಯಿಂದ ಮತ್ತೆ ನಿಮ್ಮ ಮೊಬೈಲಿಗೇ ಅದು ಬಂದಿಳಿಯುತ್ತದೆ. ವರ್ಷಕ್ಕೊಮ್ಮೆ ಮಗಳು ರಜೆಗೆ ಬಂದವಳು ಎಲ್ಲರ ಮೊಬೈಲು, ಹಳೆಯ ಕ್ಯಾಮೆರಾ ಕಾರ್ಡು, ಪೆನ್‌ಡ್ರೈವ್‌ಗಳನ್ನು ಒಟ್ಟು ಹಾಕಿ ಕಂಪ್ಯೂಟರಿಗೆ ಇಳಿಸಿದಾಗ ನೋಡಿದರೆ, ಒಬ್ಬನೇ ವಟು ಹತ್ತು ಸಲ ಭಿಕ್ಷೆ ಬೇಡುತ್ತಿರುತ್ತಾನೆ!

ನಗು ಬರುವ ವಿಷಯವೇ. ಆದರೆ ಡಿಸ್ಕು ತುಂಬಿತೆಂದು ಅವಸರದಲ್ಲಿ ಅಳಿಸಲು ಕೂತಾಗ ನಗು ಮಾಯವಾಗುತ್ತದೆ. ಹತ್ತು ಪ್ರತಿಗಳಲ್ಲಿ ಒಂಬತ್ತನ್ನು ಅಳಿಸಿದ ಮೇಲೆ ಉಳಿದದ್ದು ಮಸುಕಾದ ಪುಟ್ಟ ಚಿತ್ರವಾಗಿದ್ದರೆ? ಆ ಚಿತ್ರದಲ್ಲಿದ್ದ ಅಜ್ಜ ಈಗ ಇಲ್ಲದಿದ್ದರೆ? ಫೋಟೋಗಳನ್ನು ಜೋಡಿಸಿಡುವ ತಂತ್ರಾಂಶಗಳು ಇಂದು ಹಲವಿವೆ. ‘ಇದು ಈಗಾಗಲೇ ಇದೆ, ಬಿಟ್ಟುಬಿಡಲೇ?’ ಎಂದು ಅವು ಕೇಳುತ್ತವೆ. ಹೌದು ಎನ್ನುವ ಮೊದಲು, ಅವು ‘ಇದು ಅದೇ’ ಎಂದು ಯಾವ ಆಧಾರದ ಮೇಲೆ ಹೇಳುತ್ತವೆ ಎಂದು ತಿಳಿದಿರುವುದು ಒಳ್ಳೆಯದು.

ಹೆಸರು ನಂಬಿ ಕೆಡಬೇಡಿ

ಎರಡು ಚಿತ್ರ ಒಂದೇ ಎಂದು ಹೇಳಲು ಅತಿ ಸುಲಭದ ದಾರಿ ಕಡತದ ಹೆಸರು ನೋಡುವುದು. ಅತಿ ಮೋಸದ ದಾರಿಯೂ ಅದೇ. ಡಿಜಿಟಲ್ ಕ್ಯಾಮೆರಾಗಳು ಚಿತ್ರಕ್ಕೆ ನಾಲ್ಕು ಅಂಕಿಯ ಕ್ರಮಸಂಖ್ಯೆ ಕೊಡುತ್ತವೆ. 9999 ಮುಗಿದರೆ ಮತ್ತೆ 0001ರಿಂದ ಆರಂಭ. ಹೀಗಾಗಿ ನಿಮ್ಮ ಕ್ಯಾಮೆರಾದ 0045 ಮದುವೆಯ ಚಿತ್ರವಾದರೆ, ಅದೇ ಕಂಪನಿಯ ಕ್ಯಾಮೆರಾ ಹೊಂದಿದ ಭಾವನ 0045 ಜೋಗದ ಜಲಪಾತವಾಗಿರಬಹುದು. ಒಂದೇ ಫೋಲ್ಡರಿಗೆ ಎರಡನ್ನೂ ಸುರಿಯುವಾಗ ‘ಹಳೆಯದರ ಮೇಲೆ ಬರೆಯಲೇ?’ ಎಂಬ ಪ್ರಶ್ನೆಗೆ ಹೂಂಗುಟ್ಟಿದರೆ ಮದುವೆ ಅಳಿದು ಜಲಪಾತ ಉಳಿಯುತ್ತದೆ.

ಇದಕ್ಕೆ ವಿರುದ್ಧವಾದದ್ದೂ ಉಂಟು. ವಾಟ್ಸ್‌ಆ್ಯಪ್ ತನ್ನ ಮೂಲಕ ಬಂದ ಚಿತ್ರಕ್ಕೆ ಆಂಡ್ರಾಯ್ಡ್ ಮೊಬೈಲಿನಲ್ಲಿ ಹೊಸ ಹೆಸರಿಡುತ್ತದೆ. ಆ ಹೆಸರಿನಲ್ಲಿರುವುದು ಚಿತ್ರ ನಿಮಗೆ ತಲುಪಿದ ದಿನಾಂಕವೇ ಹೊರತು ತೆಗೆದ ದಿನಾಂಕವಲ್ಲ. 2012ರ ಮದುವೆಯ ಚಿತ್ರವನ್ನು ಯಾರೋ 2024ರಲ್ಲಿ ಕಳಿಸಿದರೆ ಅದು 2024ರ ಹೆಸರು ಹೊತ್ತು ಕೂರುತ್ತದೆ. ಹೆಸರು ಒಂದೇ ಆದರೂ ಚಿತ್ರ ಬೇರೆ ಇರಬಹುದು, ಹೆಸರು ಬೇರೆಯಾದರೂ ಚಿತ್ರ ಒಂದೇ ಇರಬಹುದು. ಶಾಲೆಯ ಹಾಜರಿ ಪುಸ್ತಕದಲ್ಲಿ ಮೂವರು ಗಣಪತಿ ಹೆಗಡೆಗಳಿದ್ದರೆ ಏನು ಮಾಡುತ್ತೇವೆ? ತಂದೆಯ ಹೆಸರು, ಹುಟ್ಟಿದ ದಿನಾಂಕ ಕೇಳುತ್ತೇವಲ್ಲವೆ? ತಂತ್ರಾಂಶವೂ ಅದನ್ನೇ ಮಾಡಬೇಕು.

ಚಿತ್ರದ ಜಾತಕ

ಡಿಜಿಟಲ್ ಕ್ಯಾಮೆರಾದಲ್ಲೋ ಮೊಬೈಲಿನಲ್ಲೋ ತೆಗೆದ ಚಿತ್ರದೊಳಗೆ ಸಾಮಾನ್ಯವಾಗಿ ಒಂದು ಅದೃಶ್ಯ ಚೀಟಿ ಇರುತ್ತದೆ. ಇದಕ್ಕೆ ಎಕ್ಸಿಫ್ ಎಂದು ಹೆಸರು. ಜಪಾನಿನ ಉದ್ಯಮ ಸಂಘವೊಂದು 1995ರಲ್ಲಿ ಇದರ ಮೊದಲ ರೂಪವನ್ನು ಹೊರತಂದಿತು. ಚಿತ್ರ ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು, ಕ್ಯಾಮೆರಾದ ಮಾದರಿ, ಬೆಳಕು ಒಳಬಿಟ್ಟ ಅವಧಿ ಎಲ್ಲವೂ ಅದರಲ್ಲಿ ದಾಖಲು. ಮೊಬೈಲಿನಲ್ಲಿ ಸ್ಥಳ ಗುರುತಿಸುವ ಸೌಲಭ್ಯ ಚಾಲೂ ಇದ್ದರೆ ಅಕ್ಷಾಂಶ, ರೇಖಾಂಶಗಳೂ ಸೇರುತ್ತವೆ. ಒಟ್ಟಿನಲ್ಲಿ ಚಿತ್ರದ ಜಾತಕ.

ವೃತ್ತಿನಿರತ ಛಾಯಾಗ್ರಾಹಕರು ಬಳಸುವ ಅಡೋಬಿಯ ಲೈಟ್‌ರೂಂ ಕ್ಲಾಸಿಕ್ ತಂತ್ರಾಂಶ ಮೂರು ಸಂಗತಿ ನೋಡುತ್ತದೆ: ಕಡತದ ಮೂಲ ಹೆಸರು, ಎಕ್ಸಿಫ್‌ನಲ್ಲಿರುವ ಸಮಯ ಮತ್ತು ಕಡತದ ಗಾತ್ರ. ಮೂರೂ ತಾಳೆಯಾದರೆ ಇದು ನಕಲಿರಬೇಕು ಎಂದು ಶಂಕಿಸಿ ಬಿಟ್ಟುಬಿಡುತ್ತದೆ. ಗಮನಿಸಿ, ಅದು ಹೇಳುವುದು ‘ಶಂಕಿತ ನಕಲು’ ಎಂದಷ್ಟೇ. ನೀವು ಹೆಸರು ಬದಲಿಸಿ ಇಟ್ಟ ಪ್ರತಿ ಈ ಬಲೆಯಿಂದ ನುಣುಚಿಕೊಳ್ಳುತ್ತದೆ. ವಾಟ್ಸ್‌ಆ್ಯಪಿನಿಂದ ಫೋಟೋವಾಗಿ ಬಂದ ಪ್ರತಿಯಂತೂ ಜಾತಕವನ್ನೇ ಕಳೆದುಕೊಂಡು ಬಂದಿರುತ್ತದೆ.

ಕಡತದ ಬೆರಳಚ್ಚು

ಇದಕ್ಕಿಂತ ಗಟ್ಟಿಯಾದ ಇನ್ನೊಂದು ವಿಧಾನವಿದೆ. ಕಂಪ್ಯೂಟರಿನ ಮಟ್ಟಿಗೆ ಚಿತ್ರವೆಂದರೆ ಸಂಖ್ಯೆಗಳ ಉದ್ದನೆಯ ಸಾಲು. ಆ ಸಾಲನ್ನೆಲ್ಲ ಒಂದು ಗಣಿತದ ಗಾಣಕ್ಕೆ ಹಾಕಿ ಅರೆದರೆ ಕೊನೆಗೊಂದು ಚಿಕ್ಕ ಸಂಕೇತ ಹೊರಬರುತ್ತದೆ. 1991ರಲ್ಲಿ ರೊನಾಲ್ಡ್ ರಿವೆಸ್ಟ್ ರಚಿಸಿದ ಎಂಡಿ5 ಎಂಬ ವಿಧಾನದಲ್ಲಿ ಈ ಸಂಕೇತ 32 ಅಕ್ಷರಗಳದ್ದು. ನಂತರ ಬಂದ ಎಸ್‌ಎಚ್‌ಎ-256ರಲ್ಲಿ 64 ಅಕ್ಷರ. ಒಂದೇ ಕಡತವನ್ನು ಎಲ್ಲಿ, ಯಾವಾಗ ಅರೆದರೂ ಸಂಕೇತ ಒಂದೇ. ಹೆಸರು ಬದಲಿಸಿದರೂ ಬದಲಾಗದು. ಆದ್ದರಿಂದಲೇ ಇದನ್ನು ಕಡತದ ಬೆರಳಚ್ಚು ಎನ್ನಬಹುದು.

ಆದರೆ ಈ ಗಾಣ ಮಹಾ ಮಡಿವಂತ. ಕೋಟಿ ಸಂಖ್ಯೆಗಳಲ್ಲಿ ಒಂದೇ ಒಂದು ಬದಲಾದರೂ ಹೊರಬರುವ ಸಂಕೇತ ಪೂರಾ ಬೇರೆ. ನೀವು ಚಿತ್ರಕ್ಕೆ ‘ಅಕ್ಕನ ಮದುವೆ’ ಎಂದು ಅಡಿಬರಹ ಸೇರಿಸಿ ಕಡತದೊಳಗೇ ಉಳಿಸಿದಿರೋ, ಬೆರಳಚ್ಚು ಬದಲಾಯಿತು. ಹಾಗಾಗಿ ಬೆರಳಚ್ಚು ಒಂದೇ ಆಗಿದ್ದರೆ ಒಂದು ಪ್ರತಿಯನ್ನು ಧೈರ್ಯವಾಗಿ ಅಳಿಸಬಹುದು. ಬೆರಳಚ್ಚು ಬೇರೆ ಎಂದ ಮಾತ್ರಕ್ಕೆ ಚಿತ್ರ ಬೇರೆ ಎನ್ನುವಂತಿಲ್ಲ.

ಕಣ್ಣಿಗೆ ಒಂದೇ, ಗಣಕಕ್ಕೆ ಬೇರೆ

ಹಾಗಾದರೆ ವಾಟ್ಸ್‌ಆ್ಯಪಿನಲ್ಲಿ ಕುಗ್ಗಿ ಬಂದ ಪ್ರತಿಯನ್ನು ಕಂಡುಹಿಡಿಯುವುದು ಹೇಗೆ? ಇಲ್ಲಿ ತಂತ್ರಾಂಶ ನಮ್ಮ ಕಣ್ಣಿನಂತೆ ನೋಡಲು ಕಲಿಯಬೇಕಾಗುತ್ತದೆ. ಒಂದು ಸರಳ ಉಪಾಯವನ್ನು ಪ್ರೌಢಶಾಲೆಯ ಹುಡುಗರೂ ಗ್ರಾಫ್ ಹಾಳೆಯ ಮೇಲೆ ಮಾಡಬಹುದು.

ಚಿತ್ರದ ಬಣ್ಣ ತೆಗೆದು ಕಪ್ಪು ಬಿಳುಪು ಮಾಡಿ. ಅದನ್ನು ಅಡ್ಡಕ್ಕೆ 9, ಉದ್ದಕ್ಕೆ 8 ಚೌಕಗಳಾಗುವಷ್ಟು ಕುಗ್ಗಿಸಿ. ಈಗ ಉಳಿದದ್ದು ಬರೇ 72 ಚೌಕ. ಪ್ರತಿ ಸಾಲಿನಲ್ಲೂ ಪಕ್ಕಪಕ್ಕದ ಚೌಕಗಳನ್ನು ಹೋಲಿಸಿ. ಎಡದ್ದಕ್ಕಿಂತ ಬಲದ್ದು ಹೆಚ್ಚು ಬೆಳಕಾಗಿದ್ದರೆ 1, ಇಲ್ಲದಿದ್ದರೆ 0 ಎಂದು ಬರೆಯಿರಿ. ಸಾಲಿಗೆ 8 ಹೋಲಿಕೆ, 8 ಸಾಲಿಗೆ 64. ಈ 64 ಅಂಕಿಗಳೇ ಚಿತ್ರದ ಚಹರೆ. ಎರಡು ಚಿತ್ರಗಳ ಚಹರೆಯಲ್ಲಿ ಎಷ್ಟು ಸ್ಥಾನಗಳಲ್ಲಿ ವ್ಯತ್ಯಾಸವಿದೆ ಎಂದು ಎಣಿಸಿ. ಈ ಎಣಿಕೆಗೆ ಹ್ಯಾಮಿಂಗ್ ದೂರ ಎಂದು ಹೆಸರು. ಅಮೆರಿಕದ ಗಣಿತಜ್ಞ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಸಂಕೇತಗಳ ತಪ್ಪು ಹುಡುಕಲು ಮಂಡಿಸಿದ ಕಲ್ಪನೆಯಿದು. ದೂರ ಸೊನ್ನೆಗೆ ಹತ್ತಿರವಿದ್ದರೆ ಎರಡೂ ಒಂದೇ ಚಿತ್ರದ ಪ್ರತಿಗಳಿರಬಹುದು, ಮೂವತ್ತರ ಆಸುಪಾಸಿದ್ದರೆ ಸಂಬಂಧವಿಲ್ಲ. ಚಿತ್ರ ಕುಗ್ಗಿದರೂ, ತುಸು ಮಬ್ಬಾದರೂ ಈ ಚಹರೆ ಹೆಚ್ಚು ಬದಲಾಗುವುದಿಲ್ಲ.

ಉಚಿತವಾಗಿ ಸಿಗುವ ಡಿಜಿಕ್ಯಾಮ್ ಎಂಬ ತಂತ್ರಾಂಶ ಇದೇ ಜಾತಿಯ, ಆದರೆ ಇನ್ನಷ್ಟು ಸೂಕ್ಷ್ಮವಾದ ಗಣಿತ ಬಳಸಿ ನಕಲು ಹುಡುಕುತ್ತದೆ. ಶೇಕಡಾ ಎಷ್ಟು ಹೋಲಿಕೆಯಿದ್ದರೆ ನಕಲೆಂದು ತೋರಿಸಬೇಕು ಎನ್ನುವುದನ್ನು ನಾವೇ ಗೊತ್ತುಪಡಿಸಬಹುದು. ತೊಡಕಿರುವುದೂ ಇಲ್ಲೇ. ನಮ್ಮ ಯಲ್ಲಾಪುರ ತಾಲೂಕಿನ ಚಂದಗುಳಿಯ ಘಂಟೆ ಗಣಪತಿಯನ್ನು ನೋಡಿದವರಿಗೆ ಗೊತ್ತು. ಹರಕೆ ಫಲಿಸಿದವರು ತಂದು ಕಟ್ಟಿದ ಗಂಟೆಗಳು ಅಲ್ಲಿ ಸಾಲುಸಾಲಾಗಿ ತೂಗುತ್ತವೆ. ಹೋದ ವರ್ಷ ಒಂದು ಫೋಟೋ, ಈ ವರ್ಷ ಅದೇ ಜಾಗದಿಂದ ಇನ್ನೊಂದು ಫೋಟೋ ತೆಗೆದರೆ ಯಂತ್ರದ ಕಣ್ಣಿಗೆ ಎರಡೂ ಒಂದೇ. ಆದರೆ ಎರಡನೆಯದರಲ್ಲಿ ನಿಮ್ಮ ಮಗಳು ಹುಟ್ಟಿದಾಗ ಕಟ್ಟಿದ ಗಂಟೆ ಇದೆ! ಹೋಲಿಕೆಯ ಮಟ್ಟ ಸಡಿಲ ಮಾಡಿದರೆ ಬೇರೆ ಚಿತ್ರಗಳು ನಕಲಿನ ಪಟ್ಟಿಗೆ ಸೇರುತ್ತವೆ, ಬಿಗಿ ಮಾಡಿದರೆ ನಿಜವಾದ ನಕಲುಗಳು ತಪ್ಪಿಸಿಕೊಳ್ಳುತ್ತವೆ. ಎಲ್ಲರಿಗೂ ಒಪ್ಪುವ ಒಂದು ಅಂಕಿ ಎಂಬುದಿಲ್ಲ.

ಹುಲಿಯ ಲೆಕ್ಕದಲ್ಲೂ ಇದೇ ಪ್ರಶ್ನೆ

ಇದು ಮನೆಯ ಆಲ್ಬಮಿನ ತಾಪತ್ರಯವಷ್ಟೇ ಎಂದುಕೊಳ್ಳಬೇಡಿ. ನಮ್ಮ ಜಿಲ್ಲೆಯ ಕಾಳಿ ಹುಲಿ ಮೀಸಲು ಪ್ರದೇಶವೂ ಸೇರಿದಂತೆ ದೇಶದ ಹುಲಿಗಳ ಲೆಕ್ಕ ನಿಂತಿರುವುದು ಇದೇ ಪ್ರಶ್ನೆಯ ಮೇಲೆ: ಈ ಎರಡು ಫೋಟೋಗಳಲ್ಲಿರುವುದು ಒಂದೇ ಹುಲಿಯೆ?

ಹುಲಿಯ ಪಟ್ಟೆಗಳು ನಮ್ಮ ಬೆರಳಚ್ಚಿನಂತೆ, ಒಂದರಂತೆ ಇನ್ನೊಂದಿಲ್ಲ. ಅಷ್ಟೇ ಅಲ್ಲ, ಒಂದೇ ಹುಲಿಯ ಎಡಮಗ್ಗುಲು ಮತ್ತು ಬಲಮಗ್ಗುಲುಗಳೂ ಬೇರೆ ಬೇರೆ. ಆದ್ದರಿಂದ ಕಾಡಿನ ಹಾದಿಯ ಎರಡೂ ಬದಿಗೆ ಎದುರುಬದುರಾಗಿ ಕ್ಯಾಮೆರಾ ಕಟ್ಟುತ್ತಾರೆ. ಇಲ್ಲವಾದರೆ ಒಂದೇ ಹುಲಿ ಎರಡಾಗಿ ಲೆಕ್ಕಕ್ಕೆ ಸೇರುವ ಅಪಾಯವಿದೆ. ಕೋಟ ಶಿವರಾಮ ಕಾರಂತರ ಪುತ್ರ ಡಾ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಈ ವಿಧಾನದಿಂದ ಹುಲಿಗಳನ್ನು ಅಂದಾಜು ಮಾಡಿ 1995ರಲ್ಲಿ ವರದಿ ಪ್ರಕಟಿಸಿದರು. 2009ರಲ್ಲಿ ಅವರೂ ಸೇರಿದಂತೆ ವಿಜ್ಞಾನಿಗಳ ತಂಡವೊಂದು ಹುಲಿಯ ಪಟ್ಟೆಗಳನ್ನು ಕಂಪ್ಯೂಟರಿನಲ್ಲಿ ತಾಳೆ ನೋಡುವ ತಂತ್ರಾಂಶದ ವಿವರ ಪ್ರಕಟಿಸಿತು. ಬದುಕಿದ್ದಾಗ ತೆಗೆದ ಚಿತ್ರದೊಂದಿಗೆ ಸತ್ತ ಹುಲಿಯ ಚರ್ಮವನ್ನೂ ಅದರಿಂದ ಹೋಲಿಸಬಹುದು.

2018ರ ರಾಷ್ಟ್ರೀಯ ಗಣತಿಯಲ್ಲಿ 26,838 ಜಾಗಗಳಲ್ಲಿ ಕ್ಯಾಮೆರಾ ಇಟ್ಟು 3,48,58,623 ಚಿತ್ರ ತೆಗೆಯಲಾಯಿತು. ಅವುಗಳಲ್ಲಿ ಹುಲಿಯವು 76,651. ಅಷ್ಟನ್ನೂ ಹೋಲಿಸಿ ನೋಡಿದಾಗ ಸಿಕ್ಕ ಬೇರೆ ಬೇರೆ ಹುಲಿಗಳು 2,461. ಅಂದರೆ ಸರಾಸರಿ ಒಂದು ಹುಲಿಗೆ ಮೂವತ್ತೊಂದು ಫೋಟೋ! ಹೋಲಿಕೆ ಬಿಗಿಯಾದರೆ ಇಲ್ಲದ ಹುಲಿ ಹುಟ್ಟುತ್ತದೆ, ಸಡಿಲವಾದರೆ ಇದ್ದ ಹುಲಿ ಮಾಯವಾಗುತ್ತದೆ. ಅದಕ್ಕೇ ಅಲ್ಲಿ ಯಂತ್ರ ‘ಇವೆರಡು ಹೋಲುತ್ತವೆ’ ಎಂದು ಅಂಕ ಕೊಟ್ಟು ಮುಂದಿಡುತ್ತದೆ, ತೀರ್ಮಾನ ಮಾಡುವುದು ತಿಳಿದ ಮನುಷ್ಯರ ಕಣ್ಣು. ನಮ್ಮ ಮನೆಯ ಫೋಟೋಗಳಿಗೂ ಇದೇ ನಿಯಮ ಸಾಕು.

ಯಾವುದನ್ನು ಉಳಿಸಬೇಕು?

ಇನ್ನು ಕೆಲಸದ ಮಾತು. ಮೊದಲು ಎಲ್ಲವನ್ನೂ ಇದ್ದಂತೆಯೇ ಒಂದು ಬೇರೆ ಡಿಸ್ಕಿಗೆ ನಕಲಿಸಿ ತೆಗೆದಿಡಿ. ಆಮೇಲೆ ತಂತ್ರಾಂಶಕ್ಕೆ ಇಳಿಸಿಕೊಳ್ಳಿ. ಇಳಿಸಿಕೊಳ್ಳುವಾಗ ನಕಲೆಂದು ಬಿಟ್ಟುಹೋದವುಗಳತ್ತ ಒಮ್ಮೆ ಕಣ್ಣಾಡಿಸುವ ತನಕ ಕ್ಯಾಮೆರಾ ಕಾರ್ಡನ್ನು ಖಾಲಿ ಮಾಡಬೇಡಿ.

ಅಡಿಕೆ ಆರಿಸುವವರು ಚಾಲಿಯ ರಾಶಿಯಲ್ಲಿ ಎದ್ದು ಕಾಣುವ ಗೋಟನ್ನು ಮೊದಲು ತೆಗೆಯುತ್ತಾರೆ, ಅನುಮಾನದ್ದನ್ನು ಆಮೇಲೆ ಕೈಯಲ್ಲಿ ಹಿಡಿದು ನೋಡುತ್ತಾರೆ. ಇಲ್ಲೂ ಹಾಗೆಯೇ. ಬೆರಳಚ್ಚು ಒಂದೇ ಇರುವ ತದ್ರೂಪು ಪ್ರತಿಗಳನ್ನು ಮೊದಲು ತೆಗೆಯಿರಿ. ಬಳಿಕ ಹೋಲಿಕೆಯ ಮಟ್ಟವನ್ನು ಮೇಲಿಟ್ಟು ಶಂಕಿತರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಿ.

ಉಳಿಸುವಾಗ ನೋಡಬೇಕಾದ್ದು ಎರಡು. ಒಂದು, ಚಿತ್ರದ ಅಳತೆ. ಮೊಬೈಲಿನ 4000×3000 ಅಳತೆಯ ಚಿತ್ರದಲ್ಲಿ 1 ಕೋಟಿ 20 ಲಕ್ಷ ಚುಕ್ಕಿಗಳಿರುತ್ತವೆ. ಅದೇ ಚಿತ್ರ 1600×1200ಕ್ಕೆ ಕುಗ್ಗಿದರೆ ಉಳಿಯುವುದು 19 ಲಕ್ಷ 20 ಸಾವಿರ, ಅಂದರೆ ಆರರಲ್ಲೊಂದು ಪಾಲಿಗೂ ಕಡಿಮೆ. ಪರದೆಯ ಮೇಲೆ ವ್ಯತ್ಯಾಸ ಕಾಣದಿರಬಹುದು, ಕಟ್ಟುಹಾಕಿಸಿ ಗೋಡೆಗೆ ತೂಗುಹಾಕುವ ದಿನ ಕಂಡೇ ಕಾಣುತ್ತದೆ. ಎರಡು, ಎಕ್ಸಿಫ್ ಜಾತಕ. ಅದು ಇರುವ ಪ್ರತಿಯೇ ಮೂಲಕ್ಕೆ ಹತ್ತಿರ. ಅಳಿಸಬೇಕೆಂದಿರುವ ಪ್ರತಿಯಲ್ಲಿ ಅಡಿಬರಹವೋ ಹೆಸರುಗಳೋ ಇದ್ದರೆ ಉಳಿಸುವ ಪ್ರತಿಗೆ ಅವನ್ನು ದಾಟಿಸಿ. ಆ್ಯಪಲ್ ಫೋನುಗಳಲ್ಲಿ 2022ರಿಂದ ಇರುವ ನಕಲು ಹುಡುಕುವ ಸೌಲಭ್ಯ, ಎರಡನ್ನು ಕೂಡಿಸುವಾಗ ಉತ್ತಮ ಪ್ರತಿಯನ್ನೂ ಮಾಹಿತಿಯನ್ನೂ ಉಳಿಸಿಕೊಳ್ಳುತ್ತದೆ. ಉಳಿದ ಕಡೆ ನಾವೇ ಎಚ್ಚರ ವಹಿಸಬೇಕು.

ಗೂಗಲ್ ಫೋಟೋಸ್ ಬಳಸುವವರಿಗೆ ಒಂದು ಕಿವಿಮಾತು. ಬ್ಯಾಕಪ್ ಚಾಲೂ ಇದ್ದಾಗ ಅದರೊಳಗಿಂದ ಚಿತ್ರ ಅಳಿಸಿದರೆ ಮೊಬೈಲಿನಿಂದಲೂ, ಗೂಗಲ್ ಖಾತೆಯಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ ಅದು 60 ದಿನ ಕಾದಿರುತ್ತದೆ, ಅಷ್ಟರೊಳಗೆ ಮರಳಿ ಪಡೆಯಬಹುದು. ಮೊಬೈಲಿನಲ್ಲಿ ಜಾಗ ಮಾಡುವುದಷ್ಟೇ ಉದ್ದೇಶವಾದರೆ ಅದಕ್ಕೆಂದೇ ಇರುವ ‘ಜಾಗ ಖಾಲಿ ಮಾಡಿ’ ಸೌಲಭ್ಯ ಬಳಸಿ. ಇನ್ನು ಒಳ್ಳೆಯ ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಿದ್ದರೆ ಫೋಟೋ ಎಂದಲ್ಲದೆ ಡಾಕ್ಯುಮೆಂಟ್ ಎಂದು ಕಳಿಸಿ. ಅದು ಕುಗ್ಗದೆ, ಜಾತಕ ಸಮೇತ ತಲುಪುತ್ತದೆ.

ಬೇಕಾದ ನಕಲೂ ಉಂಟು

ಎಲ್ಲ ನಕಲೂ ಕಸವಲ್ಲ. ಡಿಸ್ಕು ಯಾವತ್ತೋ ಒಂದು ದಿನ ಕೆಡುತ್ತದೆ. ಸಿಡಿಲಿಗೆ ಕಂಪ್ಯೂಟರು ಸುಡುವುದು ಮಲೆನಾಡಿನವರಿಗೆ ಹೊಸದಲ್ಲ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಸೂತ್ರವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಮನೆಯಿಂದ ಹೊರಗೆ. ಒಂದೇ ಫೋಲ್ಡರಿನಲ್ಲಿ ಹತ್ತು ಪ್ರತಿ ಇದ್ದರೆ ಡಿಸ್ಕು ಕೆಟ್ಟ ದಿನ ಹತ್ತೂ ಒಟ್ಟಿಗೇ ಹೋಗುತ್ತವೆ. ಮೂರು ಕಡೆ ಒಂದೊಂದಿದ್ದರೆ ಎಲ್ಲವೂ ಒಟ್ಟಿಗೆ ಹಾಳಾಗುವುದು ಅಪರೂಪ.

ಹಳೆಯ ಕಾಗದದ ಫೋಟೋಗಳ ವಿಷಯದಲ್ಲಂತೂ ಇನ್ನೂ ನಿಧಾನ ಬೇಕು. ಸ್ಟುಡಿಯೋದಲ್ಲಿ ತೆಗೆಸಿದ ಒಂದೇ ಚಿತ್ರದ ಪ್ರತಿಗಳು ಪಾಲಾದ ಮೂರು ಮನೆಗಳಲ್ಲಿರುತ್ತವೆ. ಮೂರನ್ನೂ ಮೊಬೈಲಿನಲ್ಲಿ ಹಿಡಿದು ತಂದರೆ ತಂತ್ರಾಂಶ ‘ನಕಲು’ ಎಂದೀತು. ಆದರೆ ಒಂದು ಮನೆಯ ಪ್ರತಿ ಗೆದ್ದಲಿಗೆ ಸಿಗದೆ ಉಳಿದಿರುತ್ತದೆ. ಇನ್ನೊಂದರ ಹಿಂಬದಿಯಲ್ಲಿ ಯಾರೋ ಹಿರಿಯರು ಮಸಿಯಲ್ಲಿ ಹೆಸರು, ಇಸವಿ ಬರೆದಿರುತ್ತಾರೆ. ಆ ಬರಹ ಯಾವ ಯಂತ್ರದ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಚಿತ್ರದ ಮುಂಬದಿಯೊಂದಿಗೆ ಹಿಂಬದಿಯನ್ನೂ ಹಿಡಿದಿಡಿ.

ಬರುವ ಮಳೆಗಾಲದಲ್ಲಿ ತೋಟದ ಕೆಲಸ ಬಿಡುವಾದಾಗ, ಕರೆಂಟು ಇರುವ ದಿನ ನೋಡಿಕೊಂಡು ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಎರಡು ಚಿತ್ರ ಒಂದೇ ಹೌದೋ ಅಲ್ಲವೋ ಎಂದು ತಂತ್ರಾಂಶ ಹೇಳೀತು. ಎರಡನೇ ಸಾಲಿನಲ್ಲಿ ಪೇಟ ಸುತ್ತಿ ನಿಂತವರು ಯಾರು ಎಂದು ಹೇಳಬಲ್ಲವರು ಅವರು ಮಾತ್ರ. ಆ ಹೆಸರನ್ನು ಅಂದೇ ಬರೆದಿಟ್ಟುಕೊಳ್ಳಿ, ಅದಕ್ಕೆ ಎರಡನೆಯ ಪ್ರತಿ ಇಲ್ಲ.