ಹಳೆಯ ಕೈ ಹತಾರಗಳ ಆಯ್ಕೆ ಮತ್ತು ಬೆಲೆ ಕಟ್ಟುವ ಕ್ರಮ

ಅಟ್ಟದ ಮೇಲಿನ ಹಳೆಯ ಬಾಚಿ, ಉಳಿ, ಕೊಡಲಿಗಳನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಹಾಕುವುದು ಹಳ್ಳಿಗಳಲ್ಲಿ ಸಾಮಾನ್ಯ. ಅದೇ ಹತಾರಗಳು ವಾರದ ಸಂತೆಯಲ್ಲೋ, ಬೆಂಗಳೂರಿನ ಚಿಕ್ಕಪೇಟೆ ಸುತ್ತಿನ ಭಾನುವಾರದ ಬಜಾರಿನಲ್ಲೋ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತವೆ. ಮಾರುವವನು ನಷ್ಟ ಹೊಂದಬಾರದು, ಕೊಳ್ಳುವವನು ಮೋಸ ಹೋಗಬಾರದು ಎಂದರೆ ಹತಾರದ ಪರೀಕ್ಷೆ ತಿಳಿದಿರಬೇಕು.

ಉಕ್ಕಿನ ಹಿನ್ನೆಲೆ

1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ತಯಾರಿಸುತ್ತಿದ್ದ ಕ್ರಮವನ್ನು ವಿವರಿಸಿದ್ದಾನೆ. ಐರೋಪ್ಯರು ಈ ಬಗೆಯ ಉಕ್ಕನ್ನು ‘ವೂಟ್ಜ್’ ಎಂದರು. ಈ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದಿತೆಂದು ಹಲವು ವಿದ್ವಾಂಸರ ಅಭಿಪ್ರಾಯ. ಆದರೆ ಹಳೆಯದೆಲ್ಲವೂ ಅಂಥ ಉಕ್ಕಲ್ಲ. ಇತ್ತೀಚಿನ ದಶಕಗಳ ಅನೇಕ ಹತಾರಗಳು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದವು. ಅವೂ ಕೆಲಸಕ್ಕೆ ಉತ್ತಮವೇ.

ಪರೀಕ್ಷೆಗಳು

1. ಅರದ ಪರೀಕ್ಷೆ: ಬಾಯಿಯ ಮೇಲೆ ಅರವನ್ನು ಹಗುರವಾಗಿ ಆಡಿಸಬೇಕು. ಹದವಾದ ಉಳಿಯ ಮೇಲೆ ಅರ ಜಾರುತ್ತದೆ. ಮೆದು ಕಬ್ಬಿಣವನ್ನು ಸುಲಭವಾಗಿ ಕಚ್ಚುತ್ತದೆ. ಕೊಡಲಿ, ಕುಡುಗೋಲುಗಳ ಹದ ಸ್ವಲ್ಪ ಮೆದುವಾಗಿರುವುದರಿಂದ ಅರ ನಿಧಾನವಾಗಿ ಕಚ್ಚುವುದು ದೋಷವಲ್ಲ.

2. ಕಿಡಿಯ ಪರೀಕ್ಷೆ: ಸಾಣೆ ಚಕ್ರಕ್ಕೆ ಹಿಡಿದಾಗ ಮೆದು ಕಬ್ಬಿಣದಿಂದ ಉದ್ದನೆಯ ನೇರ ಕಿಡಿಗಳು ಬರುತ್ತವೆ. ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿಗಳು ನಕ್ಷತ್ರದಂತೆ ಕವಲೊಡೆಯುತ್ತವೆ.

3. ನಾದದ ಪರೀಕ್ಷೆ: ಹಿಡಿ ಇಲ್ಲದ ಹತಾರವನ್ನು ದಾರದಲ್ಲಿ ತೂಗಿ ಬಡಿದರೆ ಸ್ಪಷ್ಟ ನಾದ ಬರಬೇಕು. ಮಂದ ಶಬ್ದ ಬಂದರೆ ಬಿರುಕಿನ ಶಂಕೆ. ಆಗ ಸೀಮೆಎಣ್ಣೆ ಸವರಿ, ಒರೆಸಿ, ಸುಣ್ಣದ ಪುಡಿ ಉದುರಿಸಿದರೆ ಬಿರುಕಿದ್ದಲ್ಲಿ ಕಪ್ಪು ಗೆರೆ ಮೂಡುತ್ತದೆ. ಹಿಡಿ ಕೂರುವ ಕಣ್ಣಿನಲ್ಲಿ ಬಿರುಕಿರುವ ಕೊಡಲಿಯನ್ನು ಎಷ್ಟು ಅಗ್ಗವಾದರೂ ಕೊಳ್ಳಬಾರದು. ಕೆಲಸದ ನಡುವೆ ಅದು ಹಾರಿದರೆ ಪ್ರಾಣಾಪಾಯ.

ಉಳಿದಿರುವ ಉಕ್ಕೆಷ್ಟು?

ಹಿಂದಿನ ಕಮ್ಮಾರರು ಮೆದು ಕಬ್ಬಿಣದ ಮೈಗೆ ಬಾಯಿಯಲ್ಲಿ ಮಾತ್ರ ಉಕ್ಕು ಬೆಸೆಯುವುದಿತ್ತು. ಬಾಯಿಯ ಬದಿಯನ್ನು ಉಜ್ಜಿದರೆ ಬೆಸುಗೆಯ ಗೆರೆ ಕಾಣುತ್ತದೆ. ಸಾಣೆ ಹಿಡಿದು ಹಿಡಿದು ಈ ಉಕ್ಕು ಸವೆದಿದ್ದರೆ ಹತಾರದ ಆಯುಸ್ಸು ಮುಗಿದಂತೆಯೇ. ಬಾಯಿ ನೀಲಿಗಟ್ಟಿದ್ದರೆ ಸಾಣೆಯ ಶಾಖಕ್ಕೆ ಹದ ಹೋಗಿದೆ ಎಂದರ್ಥ. ಉಕ್ಕು ಸಾಕಷ್ಟಿದ್ದಲ್ಲಿ ಕುಲುಮೆಯಲ್ಲಿ ಮತ್ತೆ ಹದ ಹಾಕಿಸಬಹುದು. ಹುಳು ತಿಂದ ಹಿಡಿ ದೊಡ್ಡ ದೋಷವಲ್ಲ. ಜಾಲಿ ಅಥವಾ ದಿಂಡಿಗದ ಹೊಸ ಹಿಡಿ ಹಾಕಿಸಿದರಾಯಿತು.

ಬೆಲೆಯ ಲೆಕ್ಕ

ಅದೇ ಗುಣಮಟ್ಟದ ಹೊಸ ಬಾಚಿಯ ಬೆಲೆ 600 ರೂಪಾಯಿ ಎಂದು ಭಾವಿಸಿದರೆ, ಅರ್ಧ ಉಕ್ಕು ಉಳಿದ ಹಳೆಯ ಬಾಚಿಯ ಮೌಲ್ಯ 300 ರೂಪಾಯಿ. ಹಿಡಿ ಮತ್ತು ಹದಕ್ಕೆ 120 ರೂಪಾಯಿ ಕಳೆದರೆ 180 ಉಳಿಯುತ್ತದೆ. ಬಳಕೆಗೆ ಕೊಳ್ಳುವವರು ಇದನ್ನು ಮೀರಬಾರದು. ಮಾರುವವರಿಗೆ ಗುಜರಿ ತೂಕದ ಬೆಲೆ ಕನಿಷ್ಠ ಮಿತಿ ಮಾತ್ರ. ಅದೇ ಹತಾರದ ಬೆಲೆಯಲ್ಲ.

ತಯಾರಕರ ಮುದ್ರೆ, ಷೆಫೀಲ್ಡ್‌ನಂತಹ ಊರಿನ ಹೆಸರು ಅಥವಾ ಕುಸುರಿ ಕೆಲಸ ಇರುವ ಹತಾರಗಳಿಗೆ ಸಂಗ್ರಹಕಾರರು ಹೆಚ್ಚು ಕೊಡುತ್ತಾರೆ. ಇಂಥವನ್ನು ಸಾಣೆಗೆ ಹಿಡಿಯಬಾರದು. ಮುದ್ರೆ ಅಳಿಸಿದರೆ ಬೆಲೆಯೂ ಅಳಿಯಿತು. ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿದರೆ ಸಾಕು. ಐತಿಹಾಸಿಕ ಮಹತ್ವವಿದ್ದು 100 ವರ್ಷ ದಾಟಿದ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಗೆ ಒಳಪಡುತ್ತವೆ. ಖಾಸಗಿಯವರು ಅವನ್ನು ಹೊರದೇಶಕ್ಕೆ ಕಳುಹಿಸುವಂತಿಲ್ಲ.

ತುಕ್ಕು ತೆಗೆಯುವುದು

ಬಳಕೆಯ ಹತಾರವನ್ನು ಹುಣಸೆ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ, ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ಹೆಚ್ಚು ಹೊತ್ತು ಬಿಟ್ಟರೆ ಹುಳಿ ಉಕ್ಕನ್ನೇ ತಿನ್ನುತ್ತದೆ. ತುಕ್ಕಿನ ಗುಳಿಗಳು ಬಾಯಿಯವರೆಗೆ ಹಬ್ಬಿದ್ದರೆ ಅಂಥದ್ದನ್ನು ಬಿಡುವುದೇ ಲೇಸು.

ಆದುದರಿಂದ ರೈತ ಬಾಂಧವರು ಅಟ್ಟದ ಹತಾರಗಳನ್ನು ಗುಜರಿಯ ತಕ್ಕಡಿಗೆ ಹಾಕುವ ಮೊದಲು ಒಮ್ಮೆ ಅರ ಆಡಿಸಿ ನೋಡುವುದು ಒಳ್ಳೆಯದು.