ಏಳು ಕಿಲೋಮೀಟರಿನ ಹಾದಿ, ಏಳು ವರ್ಷಗಳ ಅಲೆದಾಟ

ಓಟವೆಂದರೆ ಗೆಲ್ಲುವುದಕ್ಕಾಗಿ ಎಂಬುದು ಲೋಕರೂಢಿ. ಆದರೆ ಗೆಲುವಿಗಿಂತ ಜೊತೆಗೂಡುವುದೇ ದೊಡ್ಡದೆನ್ನುವ ಓಟವೊಂದು 2016ರಲ್ಲಿ ಬೆಂಗಳೂರಿನಲ್ಲಿ ಮೊದಲಾಯಿತು. 'ರೇಸ್ ಫಾರ್ ಸೆವೆನ್', ಅಂದರೆ ಏಳಕ್ಕಾಗಿ ಓಟ, ಎಂದು ಅದರ ಹೆಸರು. ವಿರಳ ರೋಗಗಳಿಗೆ ತುತ್ತಾದವರ ಮತ್ತು ಅವರ ಕುಟುಂಬಗಳ ನೆರವಿಗೆ ನಿಂತಿರುವ 'ಆರ್ಗನೈಸೇಷನ್ ಫಾರ್ ರೇರ್ ಡಿಸೀಸಸ್ ಇಂಡಿಯಾ' ಎಂಬ ಸಂಸ್ಥೆ ಇದನ್ನು ಆರಂಭಿಸಿತು. ಫೆಬ್ರವರಿಯ ಕೊನೆಯ ದಿನ ವಿರಳ ರೋಗ ದಿನ. 2008ರಲ್ಲಿ ಯುರೋಪಿನಲ್ಲಿ ಇದನ್ನು ಮೊದಲು ಆಚರಿಸಿದವರು ಫೆಬ್ರವರಿ 29ನ್ನು ಆಯ್ದುಕೊಂಡರು; ಆ ದಿನವೂ ವಿರಳವೇ ತಾನೆ?

ಏಳೆಂಬ ಸಂಖ್ಯೆಗೆ ಸಂಘಟಕರು ಕೊಟ್ಟ ಅರ್ಥ ಮನಮುಟ್ಟುವಂಥದು. ಸುಮಾರು 7,000 ವಿರಳ ರೋಗಗಳ ಸಂಕೇತವಾಗಿ 7,000 ಜನರು ಸೇರಬೇಕೆಂಬುದು ಆಶಯ. ಇಂಥ ರೋಗವೊಂದು ಏನೆಂದು ಗೊತ್ತಾಗುವುದಕ್ಕೆ ಸರಾಸರಿ ಏಳು ವರ್ಷ ಹಿಡಿಯುತ್ತದೆ. ಅದರ ಸಂಕೇತವಾಗಿ 7 ಕಿಲೋಮೀಟರ್ ಹಾದಿ.

ಇದನ್ನು ಅರಿತಾಗ ನಮಗೆ ನಲವತ್ತು ವರ್ಷಗಳ ಹಿಂದಿನ ಒಂದು ಮನೆ ನೆನಪಾಯಿತು. ಆ ಮನೆಯ ಒಳಕೋಣೆಯಲ್ಲಿ ಒಂದು ಮಗುವಿತ್ತು. ಬಂಧುಗಳು ಬಂದರೆ ಬಾಗಿಲು ಮುಚ್ಚುತ್ತಿದ್ದರು. ಉಳಿದ ಹೆಣ್ಣುಮಕ್ಕಳ ಮದುವೆಗೆ ಅಡ್ಡಿಯಾದೀತೆಂಬ ಭಯ. ಕಾಯಿಲೆಯ ಹೆಸರು ಯಾರಿಗೂ ತಿಳಿಯದು. ಸೊಸೆಯ ಕಾಲ್ಗುಣವೆಂದು ಮನೆಯವರು ತೀರ್ಮಾನಿಸಿದ್ದರು. "ಸ್ವಾಮಿ, ಇದು ನನ್ನ ಪಾಪವೇ?" ಎಂದು ಆ ತಾಯಿ ಕೇಳಿದಳು. ನಾವು ಹಣೆಬರಹದ ಮಾತನ್ನಾಡಿ ಎದ್ದುಬಂದೆವು. ಆ ಉತ್ತರ ಇಂದಿಗೂ ನಮ್ಮನ್ನು ಚುಚ್ಚುತ್ತದೆ.

ವಿಜ್ಞಾನದ ಉತ್ತರ ಬೇರೆಯೇ ಇದೆ. ವಿರಳ ರೋಗಗಳಲ್ಲಿ ಹೆಚ್ಚಿನವು ವಂಶವಾಹಿಗಳ ಲೋಪದಿಂದ ಬರುವಂಥವು. ಅವುಗಳಲ್ಲಿ ಅನೇಕ ರೋಗಗಳು ತಲೆದೋರಬೇಕಾದರೆ ಲೋಪವು ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಇಬ್ಬರೂ ಆರೋಗ್ಯವಂತರಾಗಿಯೇ ಇರುತ್ತಾರೆ. ಆದರೂ ಪ್ರತಿ ಬಸಿರಿನಲ್ಲೂ ಮಗುವಿಗೆ ರೋಗ ತಗಲುವ ಸಂಭವ ನಾಲ್ಕರಲ್ಲಿ ಒಂದು. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆಯ ಮಗನಿಗೆ ಕೊಡುವ ನಮ್ಮ ನಾಡಿನ ವಾಡಿಕೆ ಈ ಸಂಭವವನ್ನು ಹೆಚ್ಚಿಸುತ್ತದೆ. ತಾಯಿಯ ಮೂಲಕವೇ ಬರುವ ರೋಗಗಳೂ ಕೆಲವುಂಟು. ಆದರೆ ಯಾರೂ ಬೇಡಿ ಪಡೆಯದ ವಂಶವಾಹಿಗೆ ಯಾರನ್ನು ಹೊಣೆ ಮಾಡುವುದು?

ಗೋಶೇ ಎಂಬ ಕಾಯಿಲೆಯನ್ನೇ ನೋಡಿರಿ. ಒಂದು ಬಗೆಯ ಕೊಬ್ಬನ್ನು ಒಡೆಯುವ ಕಿಣ್ವದ ಕೊರತೆಯಿಂದ ಗುಲ್ಮ, ಯಕೃತ್ತುಗಳು ಹಿಗ್ಗಿ ಹೊಟ್ಟೆ ಉಬ್ಬುತ್ತದೆ. ಆ ಕಿಣ್ವವನ್ನು ಹೊರಗಿನಿಂದ ಕೊಡುವ ಚಿಕಿತ್ಸೆ 1991ರಿಂದ ಬಳಕೆಯಲ್ಲಿದೆ. ಆದರೆ ಎರಡು ವಾರಕ್ಕೊಮ್ಮೆ, ಜೀವಮಾನವಿಡೀ ಕೊಡಬೇಕು; ವೆಚ್ಚ ಸಾಮಾನ್ಯ ಸಂಸಾರಕ್ಕೆ ನಿಲುಕದ್ದು. ಕೇಂದ್ರ ಸರ್ಕಾರದ 2021ರ ವಿರಳ ರೋಗ ನೀತಿಯಡಿ ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಇದು ದೊಡ್ಡ ಮೊತ್ತವೆಂದು ತೋರಬಹುದು; ಜೀವಮಾನದ ಚಿಕಿತ್ಸೆಗೆ ಸಾಲದು. ಜನರ ಕಾಣಿಕೆಯ ಅವಶ್ಯಕತೆ ಇರುವುದು ಇಲ್ಲಿಯೇ.

ಆದರೆ ಓಟದ ಫಲ ಹಣವೊಂದೇ ಅಲ್ಲ. ಒಳಕೋಣೆಯ ಮಗು ಹಗಲು ಬೆಳಕಿನಲ್ಲಿ, ನಾಲ್ಕು ಜನರ ನಡುವೆ, ಬೀದಿಗೆ ಬರುತ್ತದೆ. ತನ್ನಂತೆಯೇ ನೊಂದ ಮತ್ತೊಬ್ಬ ತಾಯಿಯನ್ನು ಆ ತಾಯಿ ಕಾಣುತ್ತಾಳೆ.

ಓದುಗ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ನಿಮ್ಮ ಮನೆಯಲ್ಲಾಗಲಿ ನೆರೆಯಲ್ಲಾಗಲಿ ಇಂಥ ಮಗುವಿದ್ದರೆ ಮರೆಮಾಡಬೇಡಿ, ಅನುವಂಶೀಯ ರೋಗಗಳ ತಜ್ಞರಲ್ಲಿಗೆ ಕರೆದೊಯ್ಯಿರಿ. ಬೆಂಗಳೂರಿನ ಮಾನವ ಅನುವಂಶೀಯತಾ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳನ್ನು ಕೇಂದ್ರ ಸರ್ಕಾರವು ಈ ರೋಗಗಳ ಉತ್ಕೃಷ್ಟತಾ ಕೇಂದ್ರವಾಗಿ ಗುರುತಿಸಿದೆ. ಮುಂದಿನ ಮಗುವನ್ನು ಬಯಸುವ ಮೊದಲು ದಂಪತಿಗಳು ಕೂಡಿಯೇ ಹೋಗಿ ಸಲಹೆ ಪಡೆಯಲಿ. ಓಡಬಲ್ಲವರು ಓಡಲಿ, ನಮ್ಮಂಥ ವಯಸ್ಸಾದವರು ನಡೆಯೋಣ.

ಆ ತಾಯಿ ಈಗ ಎಲ್ಲಿದ್ದಾಳೋ ನಾವರಿಯೆವು. ಅವಳ ಪ್ರಶ್ನೆಗೆ ನಲವತ್ತು ವರ್ಷ ತಡವಾಗಿಯಾದರೂ ಉತ್ತರಿಸುತ್ತಿದ್ದೇವೆ: ಇಲ್ಲ ತಾಯಿ, ಅದು ನಿನ್ನ ಪಾಪವಲ್ಲ.