ತಲೆ ತೆರೆದಿದೆ, ಸರ್ಜನ್ ಕಾಯ್ತಿದ್ದಾರೆ: ಎರಡೂವರೆ ನಿಮಿಷದ ಕಥೆ

ಮೊದಲೇ ಹೇಳಿಬಿಡ್ತೀನಿ, ನಾನು ಬಿಕಾಂ. ಎಸ್ಸೆಸ್ಸೆಲ್ಸಿ ಆದ್ಮೇಲೆ ಬಯಾಲಜಿ ಪುಸ್ತಕ ಮುಟ್ಟಿದವನಲ್ಲ. ಆದ್ರೂ ಇದನ್ನ ಓದಿದ ಮೇಲೆ ಹೇಳದೇ ಇರೋಕಾಗ್ಲಿಲ್ಲ.

ಮೆದುಳಲ್ಲಿ ಗಡ್ಡೆ ಇದೆ ಅಂತ ಎಂಆರ್‌ಐ ತೋರಿಸುತ್ತೆ. ಯಾವ ಥರದ ಗಡ್ಡೆ ಅಂತ ಖಚಿತವಾಗಿ ತಿಳಿಯೋಕೆ ಸಾಮಾನ್ಯವಾಗಿ ಅದರ ಒಂದು ಚೂರು ಬೇಕು. ಎಷ್ಟೋ ಸಲ ಆ ಚೂರು ಸಿಗೋದೇ ಆಪರೇಷನ್ ಟೇಬಲ್ ಮೇಲೆ. ಗ್ಲಿಯೋಮಾ ಆಗಿದ್ರೆ, ಮಾತು, ಕೈಕಾಲಿಗೆ ಪೆಟ್ಟಾಗದ ಹಾಗೆ ಆದಷ್ಟೂ ತೆಗೀಬೇಕು. ಲಿಂಫೋಮಾ ಆಗಿದ್ರೆ ಮುಖ್ಯ ಚಿಕಿತ್ಸೆ ಕೀಮೋ. ಪರೀಕ್ಷೆಗೆ ಬೇಕಾದಷ್ಟು ತಗೊಂಡು ಸಾಮಾನ್ಯವಾಗಿ ನಿಲ್ಲಿಸ್ತಾರೆ. ‘ಇರಲಿ, ಇನ್ನೊಂಚೂರು ತೆಗೆಯೋಣ’ ಅನ್ನೋ ಹಾಗಿಲ್ಲ. ಆ ಒಂಚೂರೇ ಒಬ್ಬರ ಮಾತಾಗಿರಬಹುದು.

ಹಳೇ ದಾರಿ ಹೀಗೆ: ಚೂರನ್ನ ಲ್ಯಾಬಿಗೆ ಕಳಿಸ್ತಾರೆ. ಸುಮಾರು ಮೈನಸ್ 20 ಡಿಗ್ರಿಯಲ್ಲಿ ಗಟ್ಟಿ ಮಾಡಿ, ಕೂದಲಿಗಿಂತ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಪೆಥಾಲಜಿಸ್ಟ್ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ಇದು ಫ್ರೋಜನ್ ಸೆಕ್ಷನ್. ತಾಪತ್ರಯ ಏನಂದ್ರೆ, ಮೆದುಳಲ್ಲಿ ನೀರು ಜಾಸ್ತಿ. ಅದು ಹರಳುಗಟ್ಟಿ ಜೀವಕೋಶಗಳ ಆಕಾರ ಕೆಡಿಸುತ್ತೆ. ಅದಕ್ಕೇ ಎರಡು ಗಾಜಿನ ಸ್ಲೈಡ್ ನಡುವೆ ಒತ್ತಿ ಸವರಿ ನೋಡೋ ಪದ್ಧತಿಯೂ ಇದೆ. ಫ್ರೋಜನ್ ಸೆಕ್ಷನ್ನಿಗೆ 20–30 ನಿಮಿಷ ಬೇಕು. ಅಷ್ಟು ಹೊತ್ತೂ ತಲೆ ತೆರೆದೇ ಇರುತ್ತೆ.

ಈಗ ಹೊಸ ದಾರಿ. ಚೂರನ್ನ ಹೆಪ್ಪುಗಟ್ಟಿಸೋದೂ ಇಲ್ಲ, ಬಣ್ಣ ಹಾಕೋದೂ ಇಲ್ಲ. ಆಪರೇಷನ್ ಥಿಯೇಟರಲ್ಲೇ ಇರೋ ಯಂತ್ರಕ್ಕೆ ಇಟ್ಟು ಎರಡು ಲೇಸರ್ ಬಿಡ್ತಾರೆ. ಕೊಬ್ಬಿನ ಅಣು, ಪ್ರೋಟೀನಿನ ಅಣು ಒಂದೊಂದೂ ತನ್ನದೇ ಲಯದಲ್ಲಿ ಕಂಪಿಸುತ್ತೆ. ಎರಡು ಲೇಸರ್‌ಗಳ ಆವರ್ತನದ ವ್ಯತ್ಯಾಸ ಆ ಲಯಕ್ಕೆ ಹೊಂದಿದಾಗ ಸಿಗ್ನಲ್ ಸಿಗುತ್ತೆ, ಅದರಿಂದ ಚಿತ್ರ ಮೂಡುತ್ತೆ. ಹೆಸರು ಸ್ಟಿಮ್ಯುಲೇಟೆಡ್ ರಾಮನ್ ಹಿಸ್ಟಾಲಜಿ. ಹೌದು, ನಮ್ಮ ಸಿ.ವಿ. ರಾಮನ್ನೇ! 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಕಂಡ ಪರಿಣಾಮದ ಬಗ್ಗೆ ಅವರು ಮಾರ್ಚ್ 16ಕ್ಕೆ ಉಪನ್ಯಾಸ ಕೊಟ್ಟಿದ್ದು ಬೆಂಗಳೂರಲ್ಲಿ.

ಆ ಚಿತ್ರ ಓದೋಕೆ ಎಐ. ಅಮೆರಿಕದ ಟಾಡ್ ಹೊಲನ್, ಡೇನಿಯಲ್ ಓರಿಂಜರ್ ತಂಡ 25 ಲಕ್ಷಕ್ಕೂ ಹೆಚ್ಚು ಚಿತ್ರ ತೋರಿಸಿ ಅದನ್ನ ತಯಾರು ಮಾಡಿತು. 2020ರಲ್ಲಿ ‘ನೇಚರ್ ಮೆಡಿಸಿನ್’ನಲ್ಲಿ ಬಂದ ಫಲಿತಾಂಶ: 278 ರೋಗಿಗಳಲ್ಲಿ ಎಐ 94.6%, ಹಳೇ ದಾರೀಲಿ ನೋಡಿದ ಪೆಥಾಲಜಿಸ್ಟ್‌ಗಳು 93.9% ಸರಿ. ಸಮಯ, 150 ಸೆಕೆಂಡಿನೊಳಗೆ. ಶೇಕಡಾವಾರು ನೋಡಿದ್ರೆ ಹೆಚ್ಚೂಕಮ್ಮಿ ಸಮ. ನನಗೆ ಕುತೂಹಲ ಹುಟ್ಟಿಸಿದ್ದು ಬೇರೆ: ಯಂತ್ರ ತಪ್ಪಿದ ಕೇಸುಗಳೇ ಬೇರೆ, ಮನುಷ್ಯರು ತಪ್ಪಿದ ಕೇಸುಗಳೇ ಬೇರೆ. ಅಂದ್ರೆ ಅಕೌಂಟ್ಸಲ್ಲಿ ಇಬ್ಬರು ಕೂತು ಟ್ಯಾಲಿ ಮಾಡ್ತೀವಲ್ಲ, ಹಾಗೆ ಇಬ್ಬರೂ ಇದ್ರೆ ಲಾಭ.

2024ರಲ್ಲಿ ಇದೇ ದಾರಿಯ ‘ಫಾಸ್ಟ್‌ಗ್ಲಿಯೋಮಾ’ ಬಂತು. ಗಡ್ಡೆ ತೆಗೆದ ಜಾಗದಲ್ಲಿ ಇನ್ನೂ ಉಳಿದಿದೆಯಾ ಅಂತ 10 ಸೆಕೆಂಡಲ್ಲಿ ಹೇಳುತ್ತೆ.

ಇದೇ ಫೈನಲ್ ರಿಪೋರ್ಟ್ ಅಂದ್ಕೋಬೇಡಿ. ಪೂರ್ತಿ ಪೆಥಾಲಜಿ, ಜೀನ್ ಪರೀಕ್ಷೆ ಆಮೇಲೆ ಬರುತ್ತೆ, ದಿನಗಳೇ ಹಿಡಿಯುತ್ತೆ. ಕೀಮೋ, ರೇಡಿಯೇಷನ್ ತೀರ್ಮಾನ ಆಗೋದು ಅದನ್ನ ನೋಡಿಯೇ. ಮುಂದಿನ ವಾರ ಸಿಗೋಣ.